ಪಕ್ಕದ ಮನೆಯ ವಕೀಲ

ನೂರೈವತ್ತು ವರ್ಷಗಳ ಹಿಂದಿನ ಮಾತು. ಅಮೆರಿಕದ ಒಂದು ರಾಜ್ಯದಲ್ಲಿ ಆಗ ಓಟನ್ನು ಎಲ್ಲರೆದುರು ಕೂಗಿ ಹೇಳಬೇಕಿತ್ತು. ಗವರ್ನರ್ ಚುನಾವಣೆಗೆ ನಿಂತಿದ್ದವನು ಸೈಲಸನ ಪಕ್ಕದ ಮನೆಯ ವಕೀಲ. ಹಿಂದೊಮ್ಮೆ ಸೈಲಸನ ಹೆಂಡತಿ ಹ್ಯಾನಾಳನ್ನು ಮದುವೆಯಾಗಲು ಹಾತೊರೆದಿದ್ದವನು. ಅವನ ಹೆಸರೆತ್ತಿದರೇ ಸೈಲಸನ ಹೊಟ್ಟೆ ಉರಿಯುತ್ತಿತ್ತು. ಕುದುರೆಯೇರಿ ಊರೂರು ಅಲೆದು ಅವನ ವಿರುದ್ಧ ಓಟು ಕೂಗಿಸಿದ. ಇತ್ತ ಹ್ಯಾನಾ ದಿನದಿನಕ್ಕೂ ಬಾಡುತ್ತಿದ್ದಳು. ಅದನ್ನು ಕಂಡಷ್ಟೂ ಅವನ ಹಟ ಏರಿತು.

ಫಲಿತಾಂಶದ ದಿನ ಬಾಗಿಲಲ್ಲೇ ಅಬ್ಬರಿಸಿದ:

“ಮಣ್ಣು ಮುಕ್ಕಿದ ಕಣೇ ನಿನ್ನ ಗವರ್ನರ್ರು!”

“ವಕೀಲರು ಸೋತ್ರಾ? ನಿಜವಾಗ್ಲೂ?”

“ದೇವರಾಣೆ!”

ಹ್ಯಾನಾ ಕಣ್ಣೊರೆಸಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. ಪಕ್ಕದ ಮನೆಯ ಕಡೆಗಿದ್ದ ಕಿಟಕಿ ತೆರೆಯುತ್ತ ತನ್ನಷ್ಟಕ್ಕೇ ಅಂದಳು:

“ಸದ್ಯ! ಇನ್ನು ರಾಜಧಾನಿಗೆ ಹೋಗಲ್ಲ. ಇಲ್ಲೇ ಇರ್ತಾನೆ.”