ಅಮ್ಮನ ಅಳತೆ

ಅಮ್ಮನನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದಾಗ ಕಾಲ ಬಳಿ ಗೇಣಿಗಿಂತ ಹೆಚ್ಚು ಜಾಗ ಖಾಲಿ ಉಳಿಯಿತು. ಪೆಟ್ಟಿಗೆ ಮಾಡಿದ್ದವನು ಮಗನೇ. ತಲೆದೆಸೆಯಲ್ಲಿ ನಿಂತಿದ್ದ ಅಕ್ಕ ಅವನ ಮುಖ ನೋಡಿದಳು. ಅವನು ಆ ಖಾಲಿ ಹಲಗೆಯನ್ನೇ ನೋಡುತ್ತ ನಿಂತ.

ಬಡಗಿಯ ಕೈಯಿಂದ ಇಂಥ ತಪ್ಪು ಎಂದೂ ಆದದ್ದಿಲ್ಲ. ಸಾವಿನ ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರೆ ಸಾಕು, ಟೇಪೇ ಬೇಡ. ಇವನ ಪೆಟ್ಟಿಗೆಯಲ್ಲಿ ಮಲಗಿದವರು ಮಗ್ಗುಲು ಬದಲಿಸುವ ಹಾಗಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ಈ ಸಲ ಮಾತ್ರ ಅವನು ನೋಡಲೂ ಹೋಗಿರಲಿಲ್ಲ. ಹೆತ್ತ ತಾಯಿಯ ಅಳತೆ ತೆಗೆಯುವುದೇನು? ಕೆಲಸದ ಕೋಣೆಯ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಬರುತ್ತಿದ್ದ ಎತ್ತರದ ಹೆಂಗಸು. ಬದುಕಿದ್ದಾಗ ಕೊಡದಿದ್ದುದನ್ನೆಲ್ಲ ಇದರಲ್ಲಾದರೂ ಕೊಡೋಣವೆಂದು, ಒಳ್ಳೆಯ ಮರ ಆರಿಸಿ, ಬಾಗಿಲು ಹಾಕಿಕೊಂಡು ಉಜ್ಜಿ ಉಜ್ಜಿ ಮಾಡಿದ್ದ.

"ಅಮ್ಮ ಕುಗ್ಗಿ ವರ್ಷಗಳೇ ಆಯ್ತಲ್ಲೋ," ಅಕ್ಕ ಮೆಲ್ಲಗೆ ಅಂದಳು. "ಬೆನ್ನು ಪೂರ್ತಿ ಬಾಗಿತ್ತು. ಒಂದೇ ಮನೇಲಿದ್ದು ನೀನು ನೋಡ್ಲಿಲ್ವಾ?"

ನೋಡಿರಲಿಲ್ಲ. ಅವನ ಕೆಲಸದ ಮೇಜು ಗೋಡೆಯ ಕಡೆಗಿತ್ತು, ಬೆನ್ನು ಬಾಗಿಲ ಕಡೆಗೆ. ಮಧ್ಯಾಹ್ನ ಅಮ್ಮ ಬಂದು ಬಾಗಿಲನ್ನು ಎರಡು ಸಲ ತಟ್ಟುವಳು. ಅವನು ತಿರುಗದೆಯೇ "ಒಂದ್ನಿಮಿಷ ಇರಮ್ಮ, ಬಂದೆ" ಎನ್ನುವನು. ಆ ನಿಮಿಷ ಮುಗಿಯುವಷ್ಟರಲ್ಲಿ ಊಟದ ತಟ್ಟೆ ಅವನ ಹಿಂದಿನ ಸ್ಟೂಲಿನ ಮೇಲೆ ಬಂದು ಕೂತಿರುತ್ತಿತ್ತು. ಭಾನುವಾರ ಚರ್ಚಿಗೆ ಜೊತೆಗೆ ಬಾ ಎಂದು ಕರೆದರೂ ಅದೇ ಉತ್ತರ. ಯಾರಿಗೋ ಪೆಟ್ಟಿಗೆ ಅರ್ಜೆಂಟು. "ಸತ್ತವರು ಕಾಯ್ತಾರೆ ಕಣಪ್ಪ, ಬಡಿಸಿದ್ದು ಆರಿಹೋಗುತ್ತೆ," ಎಂದು ತಟ್ಟೆ ಇಟ್ಟು ಅಮ್ಮ ನಕ್ಕು ಹೋಗುತ್ತಿದ್ದಳು.

ಬೇರೆ ಪೆಟ್ಟಿಗೆ ಮಾಡಲು ಸಮಯವಿರಲಿಲ್ಲ. ಅಕ್ಕ ಅಮ್ಮನ ಶಾಲನ್ನು ಮಡಚಿ ಖಾಲಿ ಜಾಗಕ್ಕೆ ತುರುಕಿದಳು. ಭಾನುವಾರದ ಬೂಟು ತೊಟ್ಟಿದ್ದ ಆ ಪುಟ್ಟ ಪಾದಗಳನ್ನು ಅವನು ಸರಿಯಾಗಿ ನೋಡಿದ್ದು ಆಗಲೇ. ಮುಚ್ಚಳ ಹಾಕಬೇಕಾದವನೂ ಅವನೇ.

ಚರ್ಚಿನಲ್ಲಿ ಪಾದ್ರಿಗಳು ಹೆಚ್ಚು ಮಾತಾಡಲಿಲ್ಲ. ನಮ್ಮ ಕರ್ತನೂ ಬಡಗಿಯೇ, ಎಂದರು. ಕೈಗೆ ಮೊಳೆ ಹೊಡೆದಿದ್ದರೂ, ಶಿಲುಬೆಯ ಮೇಲೆ ಪ್ರಾಣ ಹೋಗುತ್ತಿದ್ದರೂ, ಕೆಳಗೆ ನಿಂತ ತಾಯಿಯನ್ನು ನೋಡಿದನು, ಆಕೆಯನ್ನು ಶಿಷ್ಯನ ಕೈಗೆ ಒಪ್ಪಿಸಿದನು. ಅವರು ಸಮಾಧಾನಕ್ಕೆಂದೇ ಹೇಳಿದ್ದು. ಮೊದಲ ಬೆಂಚಿನಲ್ಲಿ ಕೂತಿದ್ದ ಬಡಗಿ ತನ್ನ ಕೈಗಳನ್ನು ನೋಡಿಕೊಂಡ. ಯಾವ ಮೊಳೆಯೂ ಇರಲಿಲ್ಲ. ತಿರುಗಿ ನೋಡಬೇಡವೆಂದು ಅವನನ್ನು ಯಾರೂ ಹಿಡಿದಿಟ್ಟಿರಲಿಲ್ಲ.

ಸ್ಮಶಾನಕ್ಕೆ ಇಳಿಜಾರು ದಾರಿ. ಮುಂದೆ ಹೆಗಲು ಕೊಟ್ಟವನು ಮಗ, ಅಮ್ಮನ ಕಾಲಿನ ಕಡೆ. ಇಳಿಯುತ್ತಿದ್ದಂತೆ ಒಳಗೆ ದೇಹ ಜಾರಿತು, ಶಾಲು ಪಕ್ಕಕ್ಕೆ ಸರಿದು ತಡೆಯಲಿಲ್ಲ. ಅವನ ಕಿವಿಯ ಪಕ್ಕದಲ್ಲೇ ಬೂಟು ಹಲಗೆಗೆ ತಾಗಿತು. ಟಕ್, ಟಕ್.

"ಒಂದ್ನಿಮಿಷ ಇರಮ್ಮ, ಬಂದೆ," ಅಂದುಬಿಟ್ಟ.

ಹಿಂದೆ ಹೊತ್ತವರು ಗಕ್ಕನೆ ನಿಂತರು. ಅವನು ತಿರುಗಿ ನೋಡಲು ಹೋದ. ಹೆಗಲ ಮೇಲೆ ಪೆಟ್ಟಿಗೆಯಿತ್ತು, ಕುತ್ತಿಗೆ ತಿರುಗಲಿಲ್ಲ.