ಮಂಚದ ಸ್ಕ್ರೂ

ಜೆಫ್ರಿಯ ಕಾರು ಬಂದರಿನ ರಸ್ತೆಗೆ ತಿರುಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನೋರೀನ್ ಹಳೇ ಕೀಲಿಕೈ ಹಾಕಿ ಹಿಂಬಾಗಿಲು ತೆಗೆದಳು. ನೆಟ್ಟಗೆ ಮಲಗುವ ಕೋಣೆಗೆ ಹೋದಳು. ಹೊಸ ಮಂಚದ ಅಡಿಗೆ ತೂರಿ ಅಂಗಾತ ಮಲಗಿ, ಕೈಯಲ್ಲಿದ್ದ ಅಲೆನ್ ಕೀಯನ್ನು ಮೊದಲ ಸ್ಕ್ರೂಗೆ ಸಿಕ್ಕಿಸಿದಳು.

ನಾಳೆ ಸಂಜೆ ಈ ಮಂಚದ ಮೇಲೆ ಜೆಫ್ರಿಯ ಹೊಸ ಗೆಳತಿ ಟ್ಯಾಮ್ಸಿನ್ ಮಲಗಬೇಕಿತ್ತು. ಅವಳನ್ನು ಕರೆತರಲೆಂದೇ ಜೆಫ್ರಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಹಡಗು ಹಿಡಿಯಲು ಹೊರಟಿದ್ದ.

ಫ್ರಾನ್ಸಿನ ನಾರ್ಮಂಡಿಯ ಈ ಕಲ್ಲಿನ ಮನೆಯನ್ನು ಜೆಫ್ರಿ, ನೋರೀನ್ ಗಂಡ ಹೆಂಡತಿಯಾಗಿದ್ದಾಗ ಹದಿನೆಂಟು ವರ್ಷದ ಹಿಂದೆ ಇಬ್ಬರ ಹೆಸರಿನಲ್ಲೂ ಕೊಂಡಿದ್ದರು, ರಜೆಗೆ ಬಂದು ಇರಲಿಕ್ಕೆ. ಗೋಡೆ ಕೆರೆದು ಬಣ್ಣ ಬಳಿದವಳು ನೋರೀನ್. ಸೇಬಿನ ಗಿಡ ನೆಟ್ಟು ನೀರು ಹೊತ್ತವಳು ನೋರೀನ್. ಜೆಫ್ರಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ವೈನ್ ಕುಡಿದವನು. ವಿಚ್ಛೇದನವಾದ ಮೇಲೆ ಈ ಮಹಾಶಯ ಮನೆ ಮಾರಲೂ ಒಪ್ಪಲಿಲ್ಲ, ಬಿಟ್ಟುಕೊಡಲೂ ಒಪ್ಪಲಿಲ್ಲ.

"ಹೆಸರು ಇಬ್ಬರದೂ ಇರಲಿ ಬಿಡು," ಅಂದಿದ್ದ. "ಯಾರು ಇರ್ತಾರೋ ಮನೆ ಅವರದು."

ಹಾಗಂದವನು ಮೇ ಮೊದಲ ವಾರದಲ್ಲೇ ಬಂದು ಠಿಕಾಣಿ ಹೂಡಿದ. ನೋರೀನ್ ಮಲಗಿದ ಮಂಚದಲ್ಲಿ ತಾನು ಮಲಗುವುದಿಲ್ಲ, ಅವಳ ಬೀರುವಿನಲ್ಲಿ ಬಟ್ಟೆ ಇಡುವುದಿಲ್ಲ ಎಂದು ಟ್ಯಾಮ್ಸಿನ್ ಹಟ ಹಿಡಿದಿದ್ದಳು. ಹಳೆಯದೆಲ್ಲ ಹಿತ್ತಲಿನ ಕೊಟ್ಟಿಗೆ ಸೇರಿತು, ನೋರೀನಳ ಐರಿಶ್ ಅಜ್ಜಿಯ ಓಕ್ ಮರದ ಬೀರು ಸಮೇತ.

"ನಿಮ್ಮಜ್ಜಿ ನಿನಗೆ ಕೊಟ್ಟಿದ್ದು ಇದೊಂದೇ ಅಲ್ವಾ?" ಜೆಫ್ರಿ ಬೀರುವನ್ನು ಕಾಲಲ್ಲಿ ಒತ್ತಿ ನಕ್ಕಿದ್ದ. "ತಗೊಂಡು ಹೋಗು. ಸೌದೆಗಾದರೂ ಆಗುತ್ತೆ."

ಇವನಿಗೆ ಬುದ್ಧಿ ಕಲಿಸದೆ ಬಿಡುವುದಿಲ್ಲ ಎಂದು ನೋರೀನ್ ಅಲ್ಲೇ ನಿಂತು ತೀರ್ಮಾನಿಸಿದಳು.

ಹೊಸ ಸಾಮಾನು ಚಪ್ಪಟೆ ಪೆಟ್ಟಿಗೆಗಳಲ್ಲಿ ಬಂತು. ಒಳಗೆ ಹಲಗೆ, ಸ್ಕ್ರೂ ಪೊಟ್ಟಣ, ಒಂದು ಚಿತ್ರದ ಹಾಳೆ. ಜೋಡಿಸಿಕೊಳ್ಳುವುದು ಕೊಂಡವರ ಪಾಡು. ಜೆಫ್ರಿ ಹಾಳೆಯನ್ನು ಮೊದಲು ಬಿಸಾಕಿದ. ಆಳು ಕರೆಯುವುದು ಅವನ ಮರ್ಯಾದೆಗೆ ಕಡಿಮೆ.

ಗುರುವಾರಕ್ಕೊಮ್ಮೆ ನೋರೀನ್ ತನ್ನ ಸಾಮಾನು ಒಯ್ಯುವ ನೆಪದಲ್ಲಿ ಬರುತ್ತಿದ್ದಳು. ಬಂದರಿನಲ್ಲಿ ಮಿಕ್ಕ ಇಂಗ್ಲಿಷರೆಲ್ಲ ಪಾಸ್‌ಪೋರ್ಟ್ ತಪಾಸಣೆಗೆ ಉದ್ದ ಸಾಲಿನಲ್ಲಿ ನಿಂತಿರುವಾಗ ಪಕ್ಕದ ಗಿಡ್ಡ ಸಾಲಿನಿಂದ ಎರಡೇ ನಿಮಿಷಕ್ಕೆ ಹೊರಬೀಳುತ್ತಿದ್ದಳು.

"ಎಲ್ಲ ಒಂದೇ ಸಲ ತಗೊಂಡು ಹೋಗಬಾರದಾ?" ಜೆಫ್ರಿ ಗೊಣಗುತ್ತಿದ್ದ.

"ನನ್ನ ಕಾರು ಚಿಕ್ಕದು."

ಅವನು ಟೀ ಮಾಡಲು ಎದ್ದರೆ ಸಾಕು, ಒಂದು ಸ್ಕ್ರೂ ಪೊಟ್ಟಣ ಅವಳ ಕೋಟಿನ ಜೇಬು ಸೇರುತ್ತಿತ್ತು. ಅವನು ಅಂಗಡಿಗೆ ಫೋನ್ ಮಾಡಿ ಬೈಯುತ್ತಿದ್ದ. ಬದಲಿ ಪೊಟ್ಟಣ ಬರಲು ಹತ್ತು ದಿನ, ಕೆಲವೊಮ್ಮೆ ಹದಿನೈದು. ಕಪಾಟು ನಿಲ್ಲುವ ಹೊತ್ತಿಗೆ ಜೂನ್ ಮುಗಿದಿತ್ತು.

"ತುಂಬಾ ದಿನ ಆಯ್ತಲ್ಲ ನೀನು ಬಂದು," ಒಮ್ಮೆ ನೋರೀನ್ ಅಂದಳು.

"ಹಲ್ಲು ಡಾಕ್ಟರಿಗೆ ತೋರಿಸೋಕೆ ಊರಿಗೆ ಹೋಗಿ ಬಂದೆನಲ್ಲ. ಮತ್ತೆ ಮೊದಲಿಂದ ದಿನದ ಲೆಕ್ಕ."

"ನೀನು ಹೇಳಿದ ಮೇಲೆ ಮುಗೀತು."

ಈಗ ಆಗಸ್ಟ್. ಮಂಚವೂ ನಿಂತಿತ್ತು. ಅಡಿಯಲ್ಲಿ ನೋರೀನ್ ಹಲ್ಲು ಕಚ್ಚಿಕೊಂಡು ಆರನೇ ಸ್ಕ್ರೂ ತಿರುಗಿಸುತ್ತಿರುವಾಗ ಬಾಗಿಲಲ್ಲಿ ಒಂದು ಜೊತೆ ಮರದ ಮೆಟ್ಟು ಕಾಣಿಸಿತು. ಪಕ್ಕದ ಮನೆಯ ಮುದುಕಿ, ಮದಾಮ್ ಲೆಕ್ವಾಂತ್ರ್.

"ಒಳ್ಳೇ ಕೆಲಸ ಮಾಡ್ತಿದ್ದೀಯ," ಅಂದಳು ಮುದುಕಿ. "ಯಾವತ್ತು ಬೀಳುತ್ತೆ ಹೇಳು, ಕಿಟಕಿ ಹತ್ತಿರ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಆದ್ರೆ ನೋಡು, ಸೊಂಟ ಮುರಿದರೆ ಪೊಲೀಸರು ಬರ್ತಾರೆ."

"ಅವನ ಸೊಂಟ ತಗೊಂಡು ನಾನೇನು ಮಾಡಲಿ ಮದಾಮ್. ಅದು ಅವಳಿಗೇ ಇರಲಿ."

ಅಷ್ಟರಲ್ಲಿ ಫೋನ್ ಬಂತು. ಜೆಫ್ರಿ. ನೋರೀನ್ ಮಂಚದ ಅಡಿಯಿಂದ ಹೊರಬಂದು, ಕೂದಲಿನ ಧೂಳು ಕೊಡವಿ, ನಿಧಾನವಾಗಿ ಎತ್ತಿದಳು.

"ನೋರೀನ್, ಬಂದರಿನಲ್ಲಿ ಹಿಡಿದುಹಾಕಿದರು. ಪಾಸ್‌ಪೋರ್ಟಿನ ಮುದ್ರೆ ನೋಡಿ ದಿನ ಎಣಿಸಿದರು. ಬ್ರಿಟನ್ನಿನವರು ಆರು ತಿಂಗಳಲ್ಲಿ ತೊಂಬತ್ತು ದಿನಕ್ಕಿಂತ ಹೆಚ್ಚು ಇರೋಹಾಗಿಲ್ಲವಂತೆ, ನಾನು ತೊಂಬತ್ತೊಂಬತ್ತು ಇದ್ದೆನಂತೆ. ಮಧ್ಯೆ ಹೋಗಿ ಬಂದರೂ ಲೆಕ್ಕ ಅಳಿಸಿಹೋಗಲ್ಲವಂತೆ." ಅವನಿಗೆ ಉಸಿರು ಸಿಕ್ಕುತ್ತಿರಲಿಲ್ಲ. "ಎರಡು ವರ್ಷ ಈ ಕಡೆ ಕಾಲಿಡಬಾರದು ಅಂತ ಕಾಗದ ಕೊಟ್ಟಿದ್ದಾರೆ. ಆ ಹಾಳು ಸ್ಕ್ರೂಗೆ ಕಾದು ಕಾದು ಹೀಗಾಯ್ತು ನೋಡು."

"ಛೆ," ಅಂದಳು ನೋರೀನ್.

"ಮನೆ ಗತಿಯೇನು? ನಿನಗೂ ತೊಂಬತ್ತೇ ದಿನ. ನೀನೂ ಇರೋಕಾಗಲ್ಲ."

"ಯಾರು ಇರ್ತಾರೋ ಮನೆ ಅವರದು, ಜೆಫ್ರಿ," ಅಂದು ಫೋನ್ ಇಟ್ಟಳು.

ಮುದುಕಿ ಆಗಲೇ ಮಂಚದ ಮೇಲೆ ಕೂತು, ಎರಡು ಸಲ ಕುಪ್ಪಳಿಸಿ ನೋಡಿದ್ದಳು. ಮಂಚ ಕಿರ್ ಅನ್ನಲಿಲ್ಲ.

"ಇದು ಬೀಳೋ ಹಾಗೆ ಕಾಣಲ್ಲವಲ್ಲ," ಅಂದಳು ನಿರಾಸೆಯಿಂದ.

"ಬೀಳಬಾರದು ಮದಾಮ್. ಅವನು ಒಂದು ಸ್ಕ್ರೂನೂ ನೆಟ್ಟಗೆ ಬಿಗಿ ಮಾಡಿರಲಿಲ್ಲ. ಇವತ್ತಿಂದ ಇದರ ಮೇಲೆ ನಾನು ಮಲಗಬೇಕು."

ಮಧ್ಯಾಹ್ನ ಇಬ್ಬರೂ ಸೇರಿ ಓಕ್ ಬೀರುವನ್ನು ಕೊಟ್ಟಿಗೆಯಿಂದ ಒಳಗೆ ತಂದರು. ಅಜ್ಜಿ ಕೊಟ್ಟದ್ದು ಅದೊಂದೇ ಆಗಿರಲಿಲ್ಲ. ಅದರ ಮೇಲಿನ ಖಾನೆಯಲ್ಲಿ ನೋರೀನ್, ಅಜ್ಜಿ ಹುಟ್ಟಿದ ಊರಿನ ಹಕ್ಕಿನಲ್ಲಿ ತನಗೆ ಸಿಕ್ಕ ಐರ್ಲೆಂಡಿನ ಪಾಸ್‌ಪೋರ್ಟನ್ನು ಇಟ್ಟಳು. ಐರೋಪ್ಯ ಒಕ್ಕೂಟದ ಆ ಪಾಸ್‌ಪೋರ್ಟಿಗೆ ಫ್ರಾನ್ಸಿನಲ್ಲಿ ಯಾರೂ ದಿನ ಎಣಿಸುವುದಿಲ್ಲ.