ಆರರಲ್ಲಿ ಒಂದು ತೋಟಾ

ಅಳಿಯ ಮುಕುಂದ ಬಂದೂಕನ್ನು ಹೆಗಲಿಗೆ ಆನಿಸಿಕೊಂಡಾಗ ಮಥುರಾಬಾಯಿ ಒಂದು ಹೆಜ್ಜೆ ಮುಂದೆ ಬಂದಳು. ಅವನ ಕೆನ್ನೆಯಿಂದ ನಾಲ್ಕು ಬೆರಳು ಆಚೆ, ಬಂದೂಕಿನೊಳಗೆ ಮದ್ದುಗುಂಡಿನ ತೋಟಾ ಕೂತಿತ್ತು. ಅದನ್ನು ತುಂಬಿದವಳು ಅವಳೇ. ಅದರಲ್ಲಿ ಒಂದು ಚಮಚ ಮದ್ದಿದೆಯೋ ಎರಡೋ ಅವಳಿಗೇ ಗೊತ್ತಿರಲಿಲ್ಲ.

ಖಂಡೇನವಮಿಯ ದಿನ ರಾಮದುರ್ಗದ ಹೊರಗಿನ ಕಲ್ಲಿನ ಖಣಿಯಲ್ಲಿ ಮೂರು ಗುಂಡು ಹಾರಿಸುವುದು ಅವಳ ಗಂಡ ದಿಗಂಬರರಾಯರ ಮನೆತನದ ರೂಢಿ. ಅಜ್ಜ ಸಂಸ್ಥಾನದ ಚಾಕರಿಯಲ್ಲಿದ್ದಾಗ ಬಂದ ಬಂದೂಕು ಅದು. ಅದರ ತೋಟಾ ಈಗ ಯಾವ ಅಂಗಡಿಯಲ್ಲೂ ಸಿಗದು. ಹಾರಿಸಿದ ಹಿತ್ತಾಳೆ ಕೊಳವೆಗಳನ್ನೇ ಕೂಡಿಟ್ಟು, ಅಜ್ಜನ ಅಚ್ಚಿನಲ್ಲಿ ಸೀಸದ ಗುಂಡು ಎರೆದು, ಅಜ್ಜನ ಇಕ್ಕಳದಿಂದ ಒತ್ತಿ ಮತ್ತೆ ತಯಾರಿಸಬೇಕು. ಆ ಕೆಲಸ ದಿಗಂಬರರಾಯರದೆಂದೇ ಎಲ್ಲರ ನಂಬಿಕೆ. ಮೂರು ವರ್ಷದಿಂದ ಅವರ ಕಣ್ಣಿಗೆ ಮಬ್ಬು ನೆರಳಲ್ಲದೆ ಏನೂ ಕಾಣುತ್ತಿಲ್ಲವೆಂಬುದು ಹೆಂಡತಿಗೆ ಮಾತ್ರ ಗೊತ್ತು. ಖಣಿಯ ಗೋಡೆಗೆ ಹೊಡೆಯಲು ಕಣ್ಣು ಬೇಕಿರಲಿಲ್ಲ. ಮದ್ದು ಅಳೆಯಲು ಬೇಕಿತ್ತು.

ನಿನ್ನೆ ಅವಳು ಮೂರು ಹಾರಿಸಲು, ಮೂರು ಹೆಚ್ಚಿಗೆ ಇರಲೆಂದು ಆರು ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಮದ್ದು ಹಾಕುತ್ತಿದ್ದಾಗ ಹಾಲಿನ ಕರೆವ್ವ ಬಾಗಿಲಲ್ಲಿ ಕೂಗಿದಳು. ಎದ್ದು ಹೋಗಿ ಬಂದು, ಮೂರನೆಯದರಿಂದ ಮುಂದೆ ಹಾಕಿ, ಗುಂಡು ಕೂರಿಸಿ, ಒತ್ತಿ ಚೀಲಕ್ಕೆ ಸುರಿದದ್ದೂ ಆಯಿತು. ಆಮೇಲೆ ತಲೆಗೆ ಬಂತು. ಏಳುವ ಮುಂಚೆ ಹಾಕಿದ್ದು ಎರಡಕ್ಕೋ, ಮೂರಕ್ಕೋ? ಮೂರಕ್ಕಾಗಿದ್ದರೆ ಮೂರನೆಯದಕ್ಕೆ ಎರಡು ಸಲ ಬಿದ್ದಿರಬೇಕು. ತೂಗಿ ನೋಡೋಣವೆಂದರೆ ಕೈಯಲ್ಲಿ ಎರೆದ ಗುಂಡು, ಒಂದರ ತೂಕ ಇನ್ನೊಂದಕ್ಕಿಲ್ಲ. ಕಿವಿಗೆ ಹಿಡಿದು ಅಲ್ಲಾಡಿಸಿದಳು. ಎಲ್ಲದರದೂ ಒಂದೇ ಸದ್ದು. ಒತ್ತಿ ಕೂರಿಸಿದ ಗುಂಡನ್ನು ಕಿತ್ತು ನೋಡುವಷ್ಟು ಬಲ ಅವಳ ಕೈಗಿರಲಿಲ್ಲ. ರಾಯರಿಗೆ ಹೇಳಬೇಕೆನ್ನುವಷ್ಟರಲ್ಲಿ ಮಗಳು ಅಳಿಯ ಬಂದಿಳಿದರು. ಅಳಿಯನೆದುರು ಆ ಮಾತು ಎತ್ತುವುದು ಹೇಗೆ? ಮುಕುಂದ ಮಾವನ ಪಕ್ಕ ಬಿಟ್ಟು ಕದಲಲೇ ಇಲ್ಲ.

ನೂರು ವರ್ಷದ ಹಳೆಯ ಕಬ್ಬಿಣ. ಎರಡು ಚಮಚ ತಾಳುವುದಿಲ್ಲ. ಹೊಡೆದವನ ಮುಖದಲ್ಲೇ ಒಡೆಯುತ್ತದೆ.

"ನಿಂದರ್ರಿ!" ಎಂದು ಚೀರಿದಳು. ಮುಕುಂದ ಬಂದೂಕು ಕೆಳಗಿಳಿಸಿದ.

"ಏನಾತು?" ರಾಯರು ಕೇಳಿದರು.

"ಒಂದ್ರಾಗ ಮದ್ದು ಎರಡು ಸಲ ಬಿದ್ದದೇನೋ ಅಂತ ಸಂಶೇ ಅದ. ಇವತ್ತ ಬ್ಯಾಡ್ರಿ."

ರಾಯರ ಮುಖ ಬಿಗಿಯಿತು. "ತುಂಬಿದಾಂವ ನಾ. ನಿನಗೇನ ಗೊತ್ತು? ಮುಕುಂದರಾವ, ಇಲ್ಲೆ ಕೊಡ್ರಿ. ಮೊದಲನೇದು ನಾನಽ ಹೊಡೀತೀನಿ."

ಅವರು ಚಾಚಿದ ಕೈ ಬಂದೂಕಿನ ಪಕ್ಕದ ಗಾಳಿಯನ್ನು ಹಿಡಿಯಿತು. ಮುಕುಂದ ಅದನ್ನು ಅವರ ಅಂಗೈಗೇ ತಂದುಕೊಟ್ಟ. ತುಂಬಿದವರು ಯಾರೆಂದು ಗೊತ್ತಿದ್ದೂ ರಾಯರು ಅದನ್ನು ಹೆಗಲಿಗೇರಿಸಿದರು. ಮಥುರಾಬಾಯಿ ಓಡಿ ಹೋಗಿ ಅವರ ಬಲಗೈ ಹಿಡಿದುಕೊಂಡಳು.

"ಮುಕುಂದರಾವ, ಇವರಿಗೆ ಕಣ್ಣು ಕಾಣಂಗಿಲ್ಲ. ಮೂರು ವರ್ಷ ಆತು. ತುಂಬಾಕಿ ನಾನು."

ರಾಯರ ಬೆರಳು ಗುಂಡು ಹಾರಿಸುವ ಕುದುರೆಯ ಮೇಲೇ ಇತ್ತು. ಅವರ ಮಣಿಕಟ್ಟಿನಲ್ಲಿ ನಾಡಿ ಹೊಡೆದುಕೊಳ್ಳುವುದು ಅವಳ ಅಂಗೈಗೆ ತಿಳಿಯುತ್ತಿತ್ತು. ಬೆರಳು ಹಿಂದೆ ಸರಿಸಿ ಅವರು ಬಂದೂಕು ತೆರೆದರು. ತೋಟಾ ಕಲ್ಲಿನ ಮೇಲೆ ಠಣ್ ಎಂದು ಬಿತ್ತು.

ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಮುಕುಂದ ಒಂದೊಂದೇ ಗುಂಡು ಕಿತ್ತು, ಮದ್ದನ್ನು ಹಳೆಯ ಪೇಪರಿನ ಮೇಲೆ ಬೇರೆ ಬೇರೆ ಸುರಿದ. ಬಂದೂಕಿನಲ್ಲಿದ್ದದ್ದು ಸರಿಯಾಗಿತ್ತು. ಅದು ಹಾರಿದ್ದರೆ ಮಥುರಾಬಾಯಿಯ ಅಂಜಿಕೆಗೆ ಎಲ್ಲರೂ ನಕ್ಕು ಇನ್ನೊಂದನ್ನು ಏರಿಸುತ್ತಿದ್ದರು. ಮುಕುಂದ ಚೀಲದಿಂದ ಇನ್ನೊಂದನ್ನು ತೆಗೆದು ಕಿತ್ತ. ಮದ್ದು ಸುರಿಯುತ್ತಲೇ ಇತ್ತು.

"ಎಷ್ಟದ?" ಎಂದರು ರಾಯರು.

ಮುಕುಂದ ಮಾವನ ಬೆರಳು ಹಿಡಿದು ಮೊದಲ ರಾಶಿಗೆ ಮುಟ್ಟಿಸಿದ, ಆಮೇಲೆ ಎರಡನೆಯದಕ್ಕೆ. ಬೆರಳು ಅಲ್ಲೇ ನಿಂತಿತು.

"ಮೂರು ವರ್ಷ ನೀ ತುಂಬಿದ್ದನ್ನಽ ಹೊಡದೀನಿ, ಮಥುರಾ," ಎಂದರು ರಾಯರು. "ಒಮ್ಮೆನೂ ಅಂಜಲಿಲ್ಲ."

"ಹೌದು," ಎಂದಳು ಮಥುರಾಬಾಯಿ. "ಅಂಜೂದನ್ನೂ ನಾನಽ ಮಾಡತಿದ್ದೆ."